ಕಾಲು ಹನಿಯ ಲೆಕ್ಕ

ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ಮಂಜು ಸರಿದ ಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುವಷ್ಟು ದೂರ. ಚಾಮರಾಜನಗರದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗನೂ ಬಂದಿದ್ದ. ಚೀಲದಲ್ಲಿ ಪಟಾಕಿ ಇರಬಹುದು ಅಂದುಕೊಂಡರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ, ಪುಟ್ಟ ಮೋಟಾರು, ನಾಲ್ಕೈದು ಎಲ್‌ಇಡಿ ದೀಪ, ಕೇಸರಿಬಾತಿಗೆ ಹಾಕುವ ಬಣ್ಣದ ಪೊಟ್ಟಣ ಹೊರಬಂತು. "ಪ್ರಾಜೆಕ್ಟು ಮಾವ" ಅಂದ.

ತಟ್ಟೆ ಹಳೆಯ ಸಿಡಿಯಷ್ಟೇ ಅಗಲ. ಒಳಗೆ ಕೂದಲೆಳೆಯಂಥ ಕಾಲುವೆಗಳು, ಅಲ್ಲಲ್ಲಿ ಉಗುರಿನಷ್ಟು ಅಗಲದ ಕೋಣೆಗಳು. ನಡುವಿನ ರಂಧ್ರದ ಹತ್ತಿರ ಬಣ್ಣದ ನೀರಿನ ಒಂದು ಹನಿ ಬಿಟ್ಟು ತಿರುಗಿಸಿದರೆ ಆ ನೀರು ಕಾಲುವೆಗಳಲ್ಲಿ ಹೊರಗಡೆಗೆ ಓಡಿ ಕೋಣೆ ಸೇರುತ್ತದೆ. ಕತ್ತಲೆ ಕೋಣೆಯಲ್ಲಿ ಬಲ್ಬು ಫಕಫಕ ಮಿನುಗುತ್ತದೆ, ಮೇಲೆ ಮೊಬೈಲ್ ಕ್ಯಾಮರಾ. ಗಿರ್ರೆಂದು ತಿರುಗುತ್ತಿರುವ ತಟ್ಟೆ ಫೋಟೋದಲ್ಲಿ ಮಾತ್ರ ನಿಂತೇ ಬಿಟ್ಟಿದೆ! ಯಾವ ಕೋಣೆಯಲ್ಲಿ ಎಷ್ಟು ನೀರಿದೆ ಎಂದು ಫೋಟೋದ ಚುಕ್ಕೆಗಳನ್ನು ಎಣಿಸಿ ಹೇಳುವುದು ಅವನ ಕೆಲಸ. ಕೊನೆಗೆ ನೀರಿನ ಜಾಗದಲ್ಲಿ ರಕ್ತ ಹಾಕಿ ಅದರಲ್ಲಿ ಕೆಂಪುಕಣ ಎಷ್ಟು ಪಾಲು ಎಂದು ಅಳೆಯಬೇಕಂತೆ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅದ್ಯಾಕ್ಲಾ ಸುತ್ತುವಾಗ್ಲೇ ಫೋಟೋ ತೆಗ್ದಿಯೆ? ನಿಂತ್ಮೇಲೆ ನೋಡುದ್ರೆ ಆಗಲ್ವಾ? ನಮ್ ಡೈರೀಲಿ ನಿಂತ್ಮೇಲೇ ಅಲ್ವಾ ಕೊಳ್ವೆ ನೋಡ್ತಿದ್ದುದು?"

ಅವನಿಗೆ ಯಾವ ಕೊಳವೆ ಎಂದು ತಿಳಿಯಲಿಲ್ಲ. ಅವನು ಹುಟ್ಟುವ ಹೊತ್ತಿಗೆ ನಮ್ಮೂರ ಡೈರಿಗೆ ಮಿಷನ್ನು ಬಂದು, ಕೊಳವೆ ಮೂಲೆ ಸೇರಿತ್ತು. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದಂತಾಯಿತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ, ಅದರ ಫಲ ಈ ಉದ್ದ ಬರಹ. ತಾಳ್ಮೆ ಇರಲಿ :-)

ಹಳ್ಳಿಯಲ್ಲಿ ಬೆಳೆದವರಿಗೆ ನೆನಪಿರಬಹುದು. ಬೆಳಿಗ್ಗೆ ಆರಕ್ಕೇ ಡೈರಿ ಮುಂದೆ ಕ್ಯಾನು, ಚೊಂಬು, ಸ್ಟೀಲು ತೂಕುಗಳ ಸಾಲು. ಹಾಲು ಅಳೆದುಕೊಂಡ ಮೇಲೆ ಪ್ರತಿಯೊಬ್ಬರ ಹಾಲಿನಿಂದಲೂ ಸ್ವಲ್ಪ ಸ್ವಲ್ಪ ನಂಬರು ಹಾಕಿದ ಶೀಷೆಗೆ. ಹಾಲಿನ ರೇಟು ಲೀಟರಿನ ಮೇಲಷ್ಟೇ ಅಲ್ಲ, 'ಫ್ಯಾಟಿ'ನ ಮೇಲೂ ನಿಂತಿತ್ತು. ಆ ಫ್ಯಾಟು ನೋಡುವವನಿಗೆ ಟೆಸ್ಟರು ಎಂದು ಹೆಸರು. ಊರಿನ ಶ್ಯಾನುಭೋಗರಿಗೆ ಹಿಂದೆ ಇದ್ದಷ್ಟೇ ಮರ್ಯಾದೆ ಅವನಿಗಿತ್ತು, ಅಷ್ಟೇ ಗುಮಾನಿಯೂ ಇತ್ತು.

ಟೆಸ್ಟರು ಮಾಡುತ್ತಿದ್ದುದು ಇಷ್ಟು. ಒಂದು ಕಡೆ ಉಬ್ಬಿದ, ಇನ್ನೊಂದು ಕಡೆ ಕತ್ತು ಸಣ್ಣಗಾದ ಗಾಜಿನ ಕೊಳವೆ. ಇದರ ಹೆಸರು ಬ್ಯುಟೈರೋಮೀಟರು. ಮೊದಲು 10 ಮಿಲಿಲೀಟರ್ ಗಂಧಕಾಮ್ಲ. ಅದರ ಮೇಲೆ, ಕಲಕದ ಹಾಗೆ ಗೋಡೆಗುಂಟ ಇಳಿಬಿಟ್ಟು, 10.75 ಮಿಲಿಲೀಟರ್ ಹಾಲು. ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲು (ಮೂಗಿಗೆ ಬಡಿದ ವಾಸನೆ ಇದೇ). ರಬ್ಬರ್ ಬಿರಡೆ ಬಿಗಿದು, ಬಟ್ಟೆ ಸುತ್ತಿ ಕುಲುಕಿದರೆ ಬಿಳೀ ಹಾಲು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಆಮ್ಲವು ಹಾಲಿನ ಪ್ರೋಟೀನನ್ನು ಕರಗಿಸಿ, ಅದರ ಹಿಡಿತದಲ್ಲಿದ್ದ ಕೊಬ್ಬನ್ನು ಬಿಡಿಸುತ್ತದೆ. ಆಮೇಲೆ ಕೊಳವೆಗಳನ್ನು ಎದುರು ಬದುರಾಗಿ ಜೋಡಿಸಿ (ಒಂದೇ ಕಡೆ ಭಾರವಾದರೆ ಯಂತ್ರ ಕುಣಿಯುತ್ತದೆ) ಕೈ ಹಿಡಿ ತಿರುಗಿಸುವುದು. ನಿಮಿಷಕ್ಕೆ ಸುಮಾರು 1,100 ಸುತ್ತಿನಂತೆ ನಾಲ್ಕೈದು ನಿಮಿಷ. ಭಾರದ ಆಮ್ಲ ಹೊರಕ್ಕೆ, ಹಗುರವಾದ ಕೊಬ್ಬು ಒಳಕ್ಕೆ, ಅಂದರೆ ಸಣ್ಣ ಕತ್ತಿನೊಳಕ್ಕೆ. ಮತ್ತೆ 65 ಡಿಗ್ರಿ ಬಿಸಿನೀರಿನಲ್ಲಿ ಅದ್ದಿ, ಎತ್ತಿ, ಬೆಳಕಿಗೆ ಹಿಡಿದು ಓದುವುದು. ಕತ್ತಿನಲ್ಲಿ ಹೊನ್ನಿನ ಬಣ್ಣದ ಒಂದು ಸಣ್ಣ ಕಂಬ, ಪಕ್ಕದಲ್ಲಿ ಗೆರೆಗಳು.

ಆ ಗೆರೆಗಳ ಲೆಕ್ಕ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಕತ್ತಿನಲ್ಲಿ 1 ಪರ್ಸೆಂಟ್ ಫ್ಯಾಟು ಎಂದರೆ 0.125 ಮಿಲಿಲೀಟರ್ ಜಾಗ. 0.1 ಪರ್ಸೆಂಟಿಗೆ 0.0125 ಮಿಲಿಲೀಟರ್, ಅಂದರೆ ಹನ್ನೆರಡೂವರೆ ಮೈಕ್ರೋಲೀಟರ್. ನೀರಿನ ಒಂದು ಹನಿ ಸುಮಾರು 50 ಮೈಕ್ರೋಲೀಟರ್ ಇರುತ್ತದೆ. ಹಾಗಾಗಿ ಒಂದು ಪಾಯಿಂಟು ಫ್ಯಾಟು ಎಂದರೆ ಕಾಲು ಹನಿ! ಇವತ್ತು ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ 'ಮೈಕ್ರೋಫ್ಲೂಯಿಡಿಕ್ಸ್' ಎಂದು ಮಾಡುವ ಅಳತೆಯ ಗಾತ್ರ ಇದೇ ಆಸುಪಾಸಿನದು. ಅದನ್ನು ನಮ್ಮೂರಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ ನೀರು ಕಾಯಿಸಿಕೊಂಡು, ಬನಿಯನ್ನು ತೊಟ್ಟ ಒಬ್ಬ ಮನುಷ್ಯ ದಿನಕ್ಕೆ ಎರಡು ಸಲ ಮಾಡುತ್ತಿದ್ದ.

ಜಗಳ ಬರುತ್ತಿದ್ದುದೂ ಈ ಕಾಲು ಹನಿಗೇ. ಒಂದು ವಾರ ನಮ್ಮ ಹಸುವಿನ ಹಾಲು ದಿನಾ 4.1 ಬರುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ 3.8ಕ್ಕೆ ಇಳಿಯಿತು. ಅದೇ ಹಸು, ಅದೇ ಹುಲ್ಲು, ಅದೇ ಹಿಂಡಿ. ಅಮ್ಮ ಡೈರಿಗೆ ಹೋಗಿ ಕೇಳಿದಳು. ಟೆಸ್ಟರು ಪುಸ್ತಕ ತೋರಿಸಿದ. ಕೊಳವೆ ತೋರಿಸು ಎಂದಳು. ತೊಳೆದಾಗಿತ್ತು. ಅಲ್ಲಿಗೆ ಮಾತು ಮುಗಿಯಿತು, ಅನುಮಾನ ಮುಗಿಯಲಿಲ್ಲ. ಅವನು ಮೋಸ ಮಾಡಿದ್ದ ಎಂದು ನಾನು ಹೇಳುವುದಿಲ್ಲ. ಕೊಳವೆ ತಣ್ಣಗಾದರೆ ಕೊಬ್ಬಿನ ಕಂಬ ಕುಗ್ಗುತ್ತದೆ. ಕೊಬ್ಬಿನ ಮೇಲ್ಮೈ ಬಟ್ಟಲಿನಂತೆ ತಗ್ಗಾಗಿರುತ್ತದೆ. ತಗ್ಗಿನ ತಳ ಓದಬೇಕು, ಅಂಚು ಓದಬಾರದು. ಕಣ್ಣನ್ನು ಗೆರೆಯ ಮಟ್ಟಕ್ಕೇ ಇಡಬೇಕು, ಸ್ವಲ್ಪ ಮೇಲೋ ಕೆಳಗೋ ಆದರೆ ಒಂದೆರಡು ಗೆರೆ ಆಚೀಚೆ. ಚಳಿಗಾಲದ ಬೆಳಿಗ್ಗೆ, ಮೂವತ್ತು ಕೊಳವೆ, ಆರುತ್ತಿರುವ ಬಿಸಿನೀರು... ಯಾರ ಕಣ್ಣಾದರೂ ಸೋಲುತ್ತದೆ. ಆದರೆ ತಿಂಗಳ ಬಟವಾಡೆಯಲ್ಲಿ ಮುರಿದುಕೊಂಡ ದುಡ್ಡು ಯಾರ ಕಣ್ಣು ಸೋತದ್ದಕ್ಕೆ ಎಂದು ಅಮ್ಮನಿಗೆ ಹೇಳುವವರಿರಲಿಲ್ಲ.

ಈ ಪರೀಕ್ಷೆ ಹುಟ್ಟಿದ್ದೂ ಇಂಥದ್ದೇ ಗುಮಾನಿಯಿಂದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೈತರ ಹಾಲನ್ನು ಬರೀ ತೂಕದ ಮೇಲೆ ಕೊಳ್ಳುತ್ತಿದ್ದ ಕಾಲ. ನೀರು ಬೆರೆಸಿದವನಿಗೆ ಲಾಭ, ಒಳ್ಳೇ ಹಾಲು ತಂದವನಿಗೆ ನಷ್ಟ. ಅಲ್ಲಿನ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಗಂಧಕಾಮ್ಲ ಹಾಕಿ, ತಿರುಗಿಸಿ, ಕತ್ತಿನಲ್ಲಿ ಓದುವ ವಿಧಾನ ಪ್ರಕಟಿಸಿದರು. ಪೇಟೆಂಟು ಮಾಡಿಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಬಿಟ್ಟರು. ಅದರ ಬೆನ್ನಿಗೇ, 1891ರ ಸುಮಾರಿಗೆ, ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಅಮೈಲ್ ಆಲ್ಕೋಹಾಲು ಸೇರಿಸಿದ ಇನ್ನೊಂದು ವಿಧಾನ ತಂದರು. ಯುರೋಪು ಗರ್ಬರನನ್ನು ಹಿಡಿಯಿತು, ಅಮೆರಿಕ ಬ್ಯಾಬ್‌ಕಾಕನನ್ನು. ನಮ್ಮ ಪಾಲಿಗೆ ಬಂದದ್ದು ಗರ್ಬರ್. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾಗಿ, ಆನಂದ್ ಮಾದರಿಯ ಹಳ್ಳಿ ಸಂಘಗಳು ಹರಡಿ, 1984ರಲ್ಲಿ ಕೆಎಂಎಫ್ ಆಗುವ ಹೊತ್ತಿಗೆ ಗರ್ಬರನ ಕೊಳವೆ ನಮ್ಮ ಸೀಮೆಯ ಹಳ್ಳಿಗಳಿಗೂ ಬಂದಿತ್ತು. (ಈಗ ಚಾಮರಾಜನಗರ ಜಿಲ್ಲೆಗೆ ತನ್ನದೇ ಹಾಲು ಒಕ್ಕೂಟವಿದೆ, ಕುದೇರಿನಲ್ಲಿ. ನಾನು ಹೇಳುತ್ತಿರುವುದು ನಾವಿನ್ನೂ ಮೈಸೂರು ಜಿಲ್ಲೆಯಲ್ಲಿದ್ದ ಕಾಲದ ಮಾತು. 1997ರಲ್ಲಿ ತಾನೆ ಚಾಮರಾಜನಗರ ಬೇರೆ ಜಿಲ್ಲೆ ಆದದ್ದು.)

ಕಾಕತಾಳೀಯ ನೋಡಿ, ಅದೇ 1891ರಲ್ಲಿ ಸ್ವೀಡನ್ನಿನ ಹೆಡಿನ್ ಎಂಬಾತ ರಕ್ತಕ್ಕೂ ಇದೇ ಉಪಾಯ ಮಾಡಿದ. ಮೂಲ ಯೋಚನೆ ಮ್ಯಾಗ್ನಸ್ ಬ್ಲಿಕ್ಸ್‌ನದು. ರಕ್ತವನ್ನು ಸಣ್ಣ ಕೊಳವೆಯಲ್ಲಿ ತುಂಬಿ ತಿರುಗಿಸಿದರೆ ಕೆಂಪುಕಣಗಳು ಒಂದು ತುದಿಗೆ ಕೂರುತ್ತವೆ. ಕೆಂಪು ಕಂಬದ ಉದ್ದವನ್ನು ಒಟ್ಟು ಉದ್ದದಿಂದ ಭಾಗಿಸಿದರೆ ಮುಗಿಯಿತು, ಅದೇ ಹೆಮಾಟೋಕ್ರಿಟ್. ನಿಮ್ಮ ಬ್ಲಡ್ ರಿಪೋರ್ಟಿನಲ್ಲಿ 'ಪಿಸಿವಿ' ಎಂದು ಇರುತ್ತದಲ್ಲ, ಅದು. ಮ್ಯಾಕ್ಸ್‌ವೆಲ್ ವಿಂಟ್ರೋಬ್ 1929ರಲ್ಲಿ ಮಾಡಿದ ಕೊಳವೆಗೆ ಸುಮಾರು 1 ಮಿಲಿಲೀಟರ್ ರಕ್ತ ಬೇಕಿತ್ತು. ಆಮೇಲೆ ಬಂದ ಪೊರಕೆಕಡ್ಡಿಯಂಥ ಗಾಜಿನ ಎಳೆಗೆ ಬೆರಳ ತುದಿಯಿಂದ ಬಂದ ಒಂದೆರಡು ಹನಿ ಸಾಕು. ಆದರೂ ಓದುವುದು ಮಾತ್ರ ನಮ್ಮ ಟೆಸ್ಟರಿನ ಥರವೇ, ನಿಲ್ಲಿಸಿ, ಎತ್ತಿ, ಗೆರೆಗೆ ಹಿಡಿದು, ಕಣ್ಣಲ್ಲಿ.

ರಕ್ತ ಪರೀಕ್ಷೆಯಲ್ಲಿ ತಿರುಗುತ್ತಿರುವಾಗಲೇ ಓದುವ ಇಂಥ ಯೋಚನೆ ಬಂದದ್ದು 1960ರ ದಶಕದ ಕೊನೆಗೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ನಾರ್ಮನ್ ಆಂಡರ್ಸನ್ ಒಂದು ಚಕ್ರದ ಅಂಚಿನಲ್ಲಿ ಪುಟ್ಟ ಪಾರದರ್ಶಕ ಬಟ್ಟಲುಗಳನ್ನು ಕೂರಿಸಿದ. ಚಕ್ರ ತಿರುಗಿದಾಗ ರಕ್ತದ ಸೀರಂ ಮತ್ತು ರಾಸಾಯನಿಕ ಎರಡೂ ಹೊರಕ್ಕೆ ಹಾರಿ ಬಟ್ಟಲಿನಲ್ಲಿ ಬೆರೆಯುತ್ತವೆ. ಪ್ರತಿ ಬಟ್ಟಲೂ ಒಂದು ಬೆಳಕಿನ ಕಿರಣವನ್ನು ಹಾದುಹೋಗುವಾಗ ಅದರ ಬಣ್ಣ ದಾಖಲಾಗುತ್ತದೆ. ಹಾಗಾಗಿ ಹತ್ತಾರು ಪರೀಕ್ಷೆ ಒಂದೇ ಸುತ್ತಿನಲ್ಲಿ. 1990ರ ದಶಕದಲ್ಲಿ ಆ ಚಕ್ರವೇ ತೆಳ್ಳಗಾಗಿ, ಸಿಡಿಯಂಥ ತಟ್ಟೆಯಾಗಿ, ಕಾಲುವೆಗಳು ಒಳಗೆ ಸೇರಿದವು.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ನಿಂತ ಮೇಲೆ ಯಾಕೆ ನೋಡಬಾರದು?

ಡೈರಿಯ ಕೊಳವೆಯನ್ನು ನಿಲ್ಲಿಸಿದರೂ ಕೊಬ್ಬು ಅಲ್ಲೇ ತೇಲುತ್ತದೆ, ಭೂಮಿ ಅದನ್ನು ಹಿಡಿದಿರುತ್ತದೆ. ತಟ್ಟೆಯ ಕಥೆ ಬೇರೆ. ಒಂದು ಹನಿಗಿಂತ ಕಡಿಮೆ ನೀರು, ಕೂದಲಷ್ಟು ತೆಳು ಜಾಗ. ತಿರುಗುವಾಗ ನೀರನ್ನು ಹೊರಕ್ಕೆ ತಳ್ಳುವ ಬಲವೇ ದೊಡ್ಡದು. ನಿಮಿಷಕ್ಕೆ 3,000 ಸುತ್ತು, ನಡುವಿನಿಂದ 4 ಸೆಂಟಿಮೀಟರ್ ದೂರ ಎಂದರೆ ಭೂಮಿಯ ಸೆಳೆತದ 400 ಪಟ್ಟು. ನೀರಿನ ಮೇಲ್ಮೈ ಆಗ ಕೈವಾರದಲ್ಲಿ ಎಳೆದ ಹಾಗೆ, ತಟ್ಟೆಯ ನಡುವನ್ನೇ ಕೇಂದ್ರವಾಗಿಟ್ಟುಕೊಂಡ ಕಮಾನಾಗಿ ಶಿಸ್ತಾಗಿ ನಿಲ್ಲುತ್ತದೆ. ಮೋಟಾರು ನಿಂತ ಕ್ಷಣ ಆ ಬಲ ಇಲ್ಲ. ನೀರು ಗೋಡೆಗೆ ಅಂಟಿಕೊಂಡು, ಮೂಲೆಗೆ ಹತ್ತಿ, ಪಕ್ಕದ ಕಾಲುವೆಗೆ ತೆವಳುತ್ತದೆ. ವಸುದೇವನ ಬಟ್ಟಲು ನೋಡಿದ್ದೀರಾ? ನೀರು ಮಗು ಕೃಷ್ಣನ ಪಾದ ಮುಟ್ಟಿದ ಕೂಡಲೇ ಬಟ್ಟಲಿನ ನೀರೆಲ್ಲ ಕೆಳಗಿಂದ ಇಳಿದು ಹೋಗುತ್ತದೆ. ಒಳಗೊಂದು ಬಾಗಿದ ಕೊಳವೆ ಅಡಗಿರುತ್ತದೆ, ಅಷ್ಟೇ. ಈ ತಟ್ಟೆಗಳಲ್ಲೂ ಅಂಥದ್ದೇ ಬಾಗಿದ ಕಾಲುವೆ ಇಡುತ್ತಾರೆ: ಜೋರಾಗಿ ತಿರುಗುವಾಗ ನೀರು ಬಾಗು ದಾಟುವುದಿಲ್ಲ, ವೇಗ ಇಳಿಸಿದಾಗ ತಾನೇ ಹತ್ತಿ ದಾಟಿ ಮುಂದಿನ ಕೋಣೆಗೆ ಹೋಗುತ್ತದೆ. ನಿಲ್ಲಿಸಿ ನೋಡುತ್ತೇವೆ ಎಂದು ಹೋದರೆ ನೋಡಬೇಕಾದ ನೀರು ಆ ಕೋಣೆಯಲ್ಲೇ ಇರುವುದಿಲ್ಲ!

ಹಾಗಾದರೆ ತಿರುಗುವಾಗಲೇ ನೋಡಬೇಕು. ಉಪಾಯ ಹಳೆಯದು. 1832ರಲ್ಲಿ ಬೆಲ್ಜಿಯಂನ ಪ್ಲಾಟೋ ಮತ್ತು ಆಸ್ಟ್ರಿಯಾದ ಸ್ಟಾಂಪ್‌ಫರ್, ಒಬ್ಬರಿಗೊಬ್ಬರು ತಿಳಿಯದೆ, ತಿರುಗುವ ಚಿತ್ರವನ್ನು ಸೀಳುಗಳ ಮೂಲಕ ಬಿಟ್ಟು ಬಿಟ್ಟು ನೋಡಿದರೆ ನಿಂತಂತೆ ಕಾಣುತ್ತದೆ ಎಂದು ತೋರಿಸಿದರು. ಟೂರಿಂಗ್ ಟಾಕೀಸಿನಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ್ದನ್ನು ನೋಡಿ ನಾವು ನಕ್ಕಿದ್ದೆವಲ್ಲ, ಅದರ ದಾಯಾದಿ ಇದು. 1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಸೀಳಿನ ಬದಲು ಮಿಂಚುವ ದೀಪ ಇಟ್ಟು ಓಡುವ ಮೋಟಾರುಗಳನ್ನೇ 'ನಿಲ್ಲಿಸಿದ'. 2005ರ ಹೊತ್ತಿಗೆ ಜರ್ಮನಿಯ ಫ್ರೈಬರ್ಗ್‌ನವರು ಇದನ್ನು ದ್ರವದ ತಟ್ಟೆಗಳಿಗೆ ತಂದಿದ್ದರು. ತಟ್ಟೆಯ ಅಂಚಿಗೆ ಒಂದು ಗುರುತು. ಗುರುತು ಕಂಡಾಗೆಲ್ಲ ಒಂದು ಮಿಂಚು, ಒಂದು ಫೋಟೋ. ಪ್ರತಿ ಸುತ್ತಿನಲ್ಲೂ ಅದೇ ಕೋಣೆ ಅದೇ ಜಾಗದಲ್ಲಿ ಸಿಗುತ್ತದೆ.

ಮಿಂಚು ಎಷ್ಟು ಚಿಕ್ಕದಿರಬೇಕು? 3,000 ಸುತ್ತಿನಲ್ಲಿ 4 ಸೆಂಟಿಮೀಟರ್ ದೂರದ ಬಿಂದು ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಓಡುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ದೀಪ ಹತ್ತಿದರೂ ಅಷ್ಟರಲ್ಲಿ ಬಿಂದು 0.0125 ಮಿಲಿಮೀಟರ್ ಜರುಗಿರುತ್ತದೆ. ನಮ್ಮ ಹುಡುಗನ ದೀಪ ಅದರ ಐದು ಪಟ್ಟು ಹೊತ್ತು ಹತ್ತುತ್ತದೆ, ಹಾಗಾಗಿ ಅವನ ಫೋಟೋದ ಅಂಚು ಒಂದು ಕೂದಲಿನಷ್ಟು ಮಸುಕು. ಪರವಾಗಿಲ್ಲ.

ಆಮೇಲಿನದು ಎಣಿಕೆ. ಮೊದಲು ಖಾಲಿ ತಟ್ಟೆಯ ಫೋಟೋ, ಆಮೇಲೆ ನೀರು ಹಾಕಿದ್ದು. ಒಂದರಿಂದ ಒಂದನ್ನು ಕಳೆದರೆ ಉಳಿಯುವುದು ಬಣ್ಣ ಮಾತ್ರ. ಬಣ್ಣದ ಚುಕ್ಕೆಗಳನ್ನು ಎಣಿಸಬೇಕು. ಒಂದು ಚುಕ್ಕೆ ತಟ್ಟೆಯ ಮೇಲೆ 0.02 ಮಿಲಿಮೀಟರ್ ಉದ್ದ, ಅಷ್ಟೇ ಅಗಲ ಎಂದುಕೊಳ್ಳಿ. ಕೋಣೆಯ ಆಳ 0.1 ಮಿಲಿಮೀಟರ್ ಇದ್ದರೆ 25,000 ಚುಕ್ಕೆಗೆ 1 ಮೈಕ್ರೋಲೀಟರ್. ಡೈರಿಯ ಒಂದು ಪಾಯಿಂಟು ಫ್ಯಾಟು ಈ ಲೆಕ್ಕದಲ್ಲಿ ಮೂರು ಲಕ್ಷ ಚುಕ್ಕೆಗೂ ಹೆಚ್ಚು! ಕೇಳುವುದಕ್ಕೆ ಭಾರೀ ನಿಖರ. ಆದರೆ ಫೋಟೋದಲ್ಲಿ ಕಾಣುವುದು ಉದ್ದ, ಅಗಲ. ಆಳ ಕಾಣುವುದಿಲ್ಲ. ಅದನ್ನು ತಟ್ಟೆ ಮಾಡಿದವನ ಮಾತಿನ ಮೇಲೆ ನಂಬಬೇಕು. 0.1ರ ಜಾಗದಲ್ಲಿ 0.105 ಇದ್ದರೆ ನೂರಕ್ಕೆ ಐದು ತಪ್ಪು, ಚುಕ್ಕೆಗಳನ್ನು ಎಷ್ಟೇ ಶ್ರದ್ಧೆಯಿಂದ ಎಣಿಸಿ.

ಹೀಗೆಂದು ಹುಡುಗನಿಗೆ ಹೇಳಿದೆ. "ಅದು ಗೊತ್ತು ಮಾವ, ಒಂದ್ ಸಲ ಏಟು ತಿಂದಿದ್ದೀನಿ" ಎಂದು ನಕ್ಕ. ಅವನ ಮೊದಲ ತಟ್ಟೆಯಲ್ಲಿ 1 ಮಿಲಿಮೀಟರ್ ಎಂದು ಬರೆದಿದ್ದ ಅಕ್ರಿಲಿಕ್ ಹಾಳೆಯಲ್ಲಿ ಕೋಣೆ ಕೊರೆದು, ಮೇಲೆ ಕೆಳಗೆ ಎರಡೂ ಕಡೆ ಅಂಟುವ ಟೇಪಿನಿಂದ ಮುಚ್ಚಳ ಕೂರಿಸಿದ್ದನಂತೆ. ಚುಕ್ಕೆ ಎಣಿಸಿದರೆ ಹತ್ತು ಕೋಣೆಗೆ 400 ಮೈಕ್ರೋಲೀಟರ್ ಬಂತು. ಸರಿಯೋ ತಪ್ಪೋ ನೋಡಬೇಕಲ್ಲ, ನೀರಾದರೆ 1 ಮೈಕ್ರೋಲೀಟರಿಗೆ 1 ಮಿಲಿಗ್ರಾಂ ತೂಕ. ತಟ್ಟೆ ತಗೊಂಡು ಚಾಮರಾಜನಗರದ ಒಂದು ಚಿನ್ನದ ಅಂಗಡಿಗೆ ಹೋಗಿ, ಖಾಲಿಯದನ್ನೊಮ್ಮೆ, ತುಂಬಿದ್ದನ್ನೊಮ್ಮೆ ತೂಗಿಸಿದ. ಅಂಗಡಿಯವರು ಹುಡುಗನನ್ನೂ ತಟ್ಟೆಯನ್ನೂ ನೋಡಿ, ಪಾಪ, ಏನೂ ಕೇಳದೆ ತೂಗಿಕೊಟ್ಟರಂತೆ. 0.43 ಗ್ರಾಂ! ಆ ತಕ್ಕಡಿಯ ಕಡೆಯ ಅಂಕಿ ಒಂದು ಆಚೀಚೆ ಆದರೂ 400 ಆಗುವುದಿಲ್ಲ. ವಾಪಸ್ ಬಂದು ಸ್ಕ್ರೂ ಗೇಜಿನಲ್ಲಿ ಹಿಡಿದರೆ ಟೇಪಿನ ದಪ್ಪವೂ ಸೇರಿ ಆಳ 1.08 ಮಿಲಿಮೀಟರ್. ಟೇಪನ್ನೂ ಕೋಣೆಯ ಆಕಾರಕ್ಕೇ ಕತ್ತರಿಸಿದ್ದ, ಲೆಕ್ಕದಲ್ಲಿ ಮಾತ್ರ ಮರೆತಿದ್ದ.

ಇಷ್ಟೆಲ್ಲ ಯಾಕೆ ಎಂದರೆ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಕೆಲಸವಿದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಗೆ ಹತ್ತುವ ರಸ್ತೆ ನಿಮಗೆ ಗೊತ್ತು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ಆ ನೀಲಗಿರಿಯ ಗಿರಿಜನರಲ್ಲಿ ಸಿಕಲ್ ಸೆಲ್, ಅಂದರೆ ಕೆಂಪುಕಣ ಕುಡುಗೋಲಿನಂತೆ ಬಾಗುವ ರಕ್ತದ ಗುಣ ಇದೆ ಎಂದು ವರದಿ ಮಾಡಿದರು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಅದು ಕಾಯಿಲೆ: ಬಾಗಿದ ಕಣಗಳು ಬೇಗ ಒಡೆದು ರಕ್ತಹೀನತೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾರದ ನೋವು. ನಮ್ಮ ಬೆಟ್ಟಗಳ ಸೋಲಿಗರಲ್ಲೂ ಅದಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಈ ಸೋಲಿಗರ ಮಧ್ಯೆಯೇ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಗೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಕರ್ನಾಟಕವೂ ಅದರಲ್ಲಿದೆ.

ಸಿಕಲ್ ಸೆಲ್ಲಿಗೂ ತಿರುಗಿಸುವುದಕ್ಕೂ ನಂಟಿದೆ. ಈ ಕಾಯಿಲೆ ಇರುವವರ ರಕ್ತದಲ್ಲಿ ಕೆಲವು ಕಣ ಮಾಮೂಲಿಗಿಂತ ಸಾಂದ್ರ. 2014ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ ಗಾಜಿನ ಎಳೆಯಲ್ಲಿ ಬೇರೆ ಬೇರೆ ಸಾಂದ್ರತೆಯ ದ್ರವಗಳ ಪದರ ಇಟ್ಟು ರಕ್ತವನ್ನು ತಿರುಗಿಸಿತು. ಸಾಂದ್ರ ಕಣಗಳು ತಳದವರೆಗೂ ಇಳಿದು ಒಂದು ಕೆಂಪು ಪಟ್ಟೆ ಮಾಡಿದವು. ಇನ್ನು ಕರೆಂಟೇ ಇಲ್ಲದ ಕಡೆಗೆ 2017ರಲ್ಲಿ ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ ಕಾಗದದ ಗಿರಕಿ ಮಾಡಿತು. ನಾವು ಸೋಡಾ ಬಾಟಲಿಯ ಮುಚ್ಚಳ ಚಪ್ಪಟೆ ಮಾಡಿ, ಎರಡು ತೂತು ಕೊರೆದು, ದಾರ ಪೋಣಿಸಿ ಗುಂಯ್ಗುಡಿಸುತ್ತಿದ್ದೆವಲ್ಲ, ಅದೇ! ಉಗಾಂಡದ ಒಂದು ಆರೋಗ್ಯ ಕೇಂದ್ರದಲ್ಲಿ ಕರೆಂಟಿಲ್ಲದೆ ರಕ್ತ ತಿರುಗಿಸುವ ಯಂತ್ರವನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದು ಕಂಡು ಅವರಿಗೆ ಈ ಯೋಚನೆ ಬಂತಂತೆ. 2 ಗ್ರಾಂ ತೂಕದ ಕಾಗದ, ನಿಮಿಷಕ್ಕೆ 1,25,000 ಸುತ್ತಿನವರೆಗೆ, ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಬೇರೆ.

ಪೋಡಿಗೆ ಗಿರಕಿ ಹೋಗಬಹುದು. ಆದರೆ ಪಟ್ಟೆಯನ್ನು ಓದುವ ಕಣ್ಣು? ಸಂಜೆ ಬೆಳಕಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಗಾಜಿನ ಎಳೆ ಹಿಡಿದು 'ಇದೆ' ಅಥವಾ 'ಇಲ್ಲ' ಎನ್ನಬೇಕು. ಕೊಳವೆ ಬಿಸಾಡಿದ ಮೇಲೆ ಮತ್ತೆ ನೋಡುವಂತಿಲ್ಲ. ಕ್ಯಾಮರಾದ ದೊಡ್ಡ ಉಪಕಾರ ನನಗೆ ಕಾಣುವುದು ಇಲ್ಲಿ. ಅದರ ನಿಖರತೆಗಿಂತ, ಫೋಟೋ ಉಳಿಯುತ್ತದಲ್ಲ, ಅದು. ಗುಂಡ್ಲುಪೇಟೆಯಲ್ಲೋ ಚಾಮರಾಜನಗರದ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬರು ಅದನ್ನೇ ತೆರೆದು ಮತ್ತೊಮ್ಮೆ ಎಣಿಸಬಹುದು. ಅಮ್ಮ ಆವತ್ತು ಡೈರಿಯಲ್ಲಿ ಕೇಳಿದ್ದು ಇಷ್ಟನ್ನೇ, ಕೊಳವೆ ತೋರಿಸು ಅಂತ.

ಮಾರನೆಯ ದಿನ ಹೊರಡುವಾಗ ಹುಡುಗ ಅಜ್ಜಿಗೆ ಫೋಟೋಗಳನ್ನೆಲ್ಲ ತೋರಿಸಿ, ಆಳ ತಪ್ಪಿದ್ದು, ಚಿನ್ನದ ಅಂಗಡಿಗೆ ಹೋದದ್ದು ಎಲ್ಲ ಹೇಳಿದ. ಅಮ್ಮ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಅಂಗಾರೆ ನಮ್ ಡೈರಿ ಕೊಳ್ವೆ ಕತ್ತು ಸರಿಯಾಗದ ಅಂತ ಯಾರ್ಲಾ ತೂಗಿ ನೋಡಿದ್ರು?"

ಗಾಜಿನ ಮೇಲೆ ಐಎಸ್‌ಐ ಗುರುತು ಇರುತ್ತಿತ್ತು ಕಣಮ್ಮ, ತಯಾರು ಮಾಡುವಾಗಲೇ ಪರೀಕ್ಷೆ ಮಾಡಿರುತ್ತಾರೆ ಎಂದೆ. "ನೀನ್ ನೋಡಿದ್ಯಾ ಗುರ್ತ?" ಎಂದಳು. ನಾನು ನೋಡಿರಲಿಲ್ಲ. ಹುಡುಗ ಬ್ಯಾಗು ಹೆಗಲಿಗೇರಿಸಿಕೊಂಡು, ಡೈರಿಯಲ್ಲಿ ಹಳೇ ಕೊಳವೆ ಏನಾದರೂ ಉಳಿದಿದೆಯಾ ಅಂತ ಕೇಳ್ಕೊಂಡು ಬರ್ತೀನಿ ಇರಿ ಮಾವ, ಎಂದು ಬಸ್ಸಿಗೆ ಇನ್ನೂ ಹತ್ತು ನಿಮಿಷ ಇರುವಾಗ ಆ ಕಡೆ ಓಡಿದ.